ರಕ್ತದೊತ್ತಡ ಏರಿತು, ಕರುಳಿಗೆ ರಕ್ತ ತಲುಪಿತೇ?

ಸೋಂಕಿನ ಬೆನ್ನಲ್ಲೇ ಅಂಗಗಳು ಕೆಡುವ ಸೆಪ್ಸಿಸ್ ಆದವರಿಗೆ ಸಲೈನ್ ಹೆಚ್ಚು ಕೊಡಬೇಕೋ ಕಡಿಮೆ ಕೊಡಬೇಕೋ? ಈ ಪ್ರಶ್ನೆಗೆ ಕಳೆದ ಕಾಲು ಶತಮಾನದಲ್ಲಿ ವೈದ್ಯಲೋಕ ಕೊಟ್ಟ ಉತ್ತರಗಳನ್ನು ಒಂದರ ಕೆಳಗೊಂದು ಇಟ್ಟು ಓದಿದರೆ ತಲೆ ತಿರುಗುತ್ತದೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿ 263 ರೋಗಿಗಳ ಮೇಲೆ ನಡೆದ ಪ್ರಯೋಗವೊಂದರ ಫಲ 2001ರಲ್ಲಿ ಪ್ರಕಟವಾಯಿತು. ಮೊದಲ ಆರು ಗಂಟೆಗಳಲ್ಲಿ ಗುರಿಯಿಟ್ಟು ಧಾರಾಳವಾಗಿ ದ್ರವ ಮತ್ತಿತರ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಶೇ 30.5ರಷ್ಟು ಮಂದಿ ಆಸ್ಪತ್ರೆಯಲ್ಲಿ ಸತ್ತರೆ, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಸತ್ತವರು ಶೇ 46.5. 2011ರಲ್ಲಿ ಪ್ರಕಟವಾದ, ಉಗಾಂಡ, ಕೀನ್ಯಾ, ತಾಂಜಾನಿಯಾಗಳ 3,141 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲ ಇದಕ್ಕೆ ತದ್ವಿರುದ್ಧ. ವೇಗವಾಗಿ ಸಲೈನ್ ಹರಿಸಿದ ಮಕ್ಕಳಲ್ಲಿ 48 ಗಂಟೆಗಳೊಳಗಿನ ಸಾವು ಶೇ 10.5, ಹಾಗೆ ಹರಿಸದ ಮಕ್ಕಳಲ್ಲಿ ಶೇ 7.3. ಮುಂದೆ 2022 ಮತ್ತು 2023ರಲ್ಲಿ ಪ್ರಕಟವಾದ, ವಯಸ್ಕರ ಮೇಲಿನ ಎರಡು ದೊಡ್ಡ ಪ್ರಯೋಗಗಳು ಹೆಚ್ಚು ಕೊಟ್ಟರೂ ಕಡಿಮೆ ಕೊಟ್ಟರೂ ಸಾವಿನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ ಎಂದವು.

ಈ ನಡುವೆ, ಹಲವು ದೇಶಗಳ ಆಸ್ಪತ್ರೆಗಳು ಅನುಸರಿಸುವ ಸರ್ವೈವಿಂಗ್ ಸೆಪ್ಸಿಸ್ ಮಾರ್ಗಸೂಚಿ ತನ್ನ ಪ್ರಸಿದ್ಧ ಸೂತ್ರದ ದನಿಯನ್ನು 2021ರಲ್ಲಿ ತಗ್ಗಿಸಿತು. ಮೊದಲ ಮೂರು ಗಂಟೆಗಳಲ್ಲಿ ದೇಹತೂಕದ ಪ್ರತಿ ಕಿಲೋಗೆ 30 ಮಿಲಿಲೀಟರ್ ದ್ರವ ಎಂಬುದು ಆ ಸೂತ್ರ. ಅದುವರೆಗೆ ಬಲವಾದ ಶಿಫಾರಸಾಗಿದ್ದುದು ಬರಿಯ ಸಲಹೆಯಾಯಿತು. ಹಾಗಾದರೆ ಇಷ್ಟು ದಿನ ಕೊಟ್ಟದ್ದು ತಪ್ಪೇ ಎಂದು ಓದುಗರು ಕೇಳಿದರೆ ಆಶ್ಚರ್ಯವಿಲ್ಲ.

ಈ ಪ್ರಯೋಗಗಳೆಲ್ಲ ಎಷ್ಟು ದ್ರವ ಒಳಗೆ ಹೋಯಿತು ಎಂಬುದನ್ನು ಚೆನ್ನಾಗಿ ಅಳೆದಿವೆ. ಅದು ಎಲ್ಲಿಗೆ ಹೋಯಿತು ಎಂಬುದನ್ನು ಅಳೆದಿಲ್ಲ. ಗೊಂದಲದ ದೊಡ್ಡ ಪಾಲು ಹುಟ್ಟುವುದು ಇಲ್ಲಿಂದ. ಅದನ್ನು ಬಿಡಿಸಿ ನೋಡಲು ಕರುಳಿನಷ್ಟು ಒಳ್ಳೆಯ ಅಂಗ ಇನ್ನೊಂದಿಲ್ಲ.

ನಾಳ ಸಡಿಲ, ಗೋಡೆ ಸೋರು

ರಕ್ತಕ್ಕೆ ರೋಗಾಣು ಸೇರುವುದೇ ಸೆಪ್ಸಿಸ್ ಎಂಬ ಹಳೆಯ ತಿಳಿವಳಿಕೆ ಈಗ ಬದಲಾಗಿದೆ. 2016ರ ವ್ಯಾಖ್ಯೆಯ ಪ್ರಕಾರ, ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ ಹದ ತಪ್ಪಿ, ಅಂಗಗಳು ಜೀವಕ್ಕೆ ಎರವಾಗುವಷ್ಟು ಕೆಡುವುದೇ ಸೆಪ್ಸಿಸ್. ಸೋಂಕು ಶ್ವಾಸಕೋಶದಲ್ಲಿರಬಹುದು, ಮೂತ್ರನಾಳದಲ್ಲಿರಬಹುದು. ಹಾನಿ ಮಾತ್ರ ಇಡೀ ದೇಹದ್ದು. 2017ರಲ್ಲಿ ಜಗತ್ತಿನಾದ್ಯಂತ ಸುಮಾರು 4.89 ಕೋಟಿ ಮಂದಿಗೆ ಸೆಪ್ಸಿಸ್ ಆಗಿ 1.1 ಕೋಟಿ ಮಂದಿ ಸತ್ತರೆಂದು ಅಂದಾಜು. ಆ ವರ್ಷದ ಒಟ್ಟು ಸಾವುಗಳಲ್ಲಿ ಇದು ಹೆಚ್ಚುಕಡಿಮೆ ಐದರಲ್ಲೊಂದು ಪಾಲು.

ರಕ್ತಸಂಚಾರದಲ್ಲಿ ಆಗ ಮೂರು ಕೆಡುಕುಗಳು ಒಟ್ಟಿಗೆ ನಡೆಯುತ್ತವೆ. ನಾಳಗಳು ಸಡಿಲಗೊಳ್ಳುತ್ತವೆ, ಇದ್ದಷ್ಟೇ ರಕ್ತ ದೊಡ್ಡದಾದ ಪಾತ್ರೆಗೆ ಸಾಲದಂತಾಗಿ ಒತ್ತಡ ಕುಸಿಯುತ್ತದೆ. ನಾಳಗಳ ಒಳಗೋಡೆಗೆ ಇರುವ ಸಕ್ಕರೆ ಮತ್ತು ಪ್ರೋಟೀನಿನ ನವಿರಾದ ಲೇಪ ಕಳಚಿ, ನೀರು ಗೋಡೆಯಿಂದಾಚೆಗೆ ಸೋರುತ್ತದೆ. ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳಲ್ಲಿ ಸಣ್ಣ ಸಣ್ಣ ಹೆಪ್ಪುಗಳು ಕಟ್ಟುತ್ತವೆ, ಕೆಂಪು ರಕ್ತಕಣಗಳು ಮೊದಲಿನಂತೆ ಬಳುಕಿ ನುಸುಳಲಾರವು. ಸಲೈನ್ ಮೊದಲನೆಯ ಕೆಡುಕಿಗೆ ಮದ್ದು. ಎರಡನೆಯದರ ಮೂಲಕ ಅದು ತಾನೇ ಸೋರಿಹೋಗುತ್ತದೆ. ಮೂರನೆಯದನ್ನು ಮುಟ್ಟುವುದೇ ಕಷ್ಟ. ಇಡೀ ವಿವಾದದ ಬೀಜ ಇಲ್ಲಿದೆ.

ಹಂಚಿಕೆಯಲ್ಲಿ ಕೊನೆಯ ಸಾಲು

ಆರಾಮವಾಗಿರುವ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ಪಂಪು ಮಾಡುತ್ತದೆ. ಅದರಲ್ಲಿ ಹತ್ತಿರಹತ್ತಿರ ಕಾಲು ಭಾಗ ಜಠರ, ಕರುಳು, ಗುಲ್ಮ, ಯಕೃತ್ತುಗಳ ಪಾಲು. ಈ ಅಂಗಗಳ ಅಭಿಧಮನಿಗಳು ದೇಹದ ಒಟ್ಟು ರಕ್ತದ ಐದರಲ್ಲೊಂದು ಭಾಗಕ್ಕಿಂತ ಕಡಿಮೆಯಿಲ್ಲದಷ್ಟನ್ನು ತುಂಬಿಟ್ಟುಕೊಂಡಿರುತ್ತವೆ. ಆಪತ್ತು ಬಂದಾಗ ದೇಹ ಮೊದಲು ಕೈಹಾಕುವುದು ಈ ಗಂಟಿಗೆ. ನರಗಳೂ ಹಾರ್ಮೋನುಗಳೂ ಸೇರಿ ಹೊಟ್ಟೆಯ ನಾಳಗಳನ್ನು ಹಿಂಡಿ, ಅಲ್ಲಿನ ರಕ್ತವನ್ನು ಹೃದಯದತ್ತ ತಳ್ಳುತ್ತವೆ. ಮಿದುಳು ಮತ್ತು ಹೃದಯ ತಮ್ಮ ಪಾಲನ್ನು ಬಿಟ್ಟುಕೊಡುವುದಿಲ್ಲ. ಬಿಟ್ಟುಕೊಡಬೇಕಾದ್ದು ಕರುಳು.

ಗಂಟೆ ಎರಡು ಗಂಟೆಯ ಮಟ್ಟಿಗೆ ಇದು ಜಾಣ ಏರ್ಪಾಡು. ಆದರೆ ಕರುಳಿನ ರಚನೆಯೇ ಅದನ್ನು ಹೆಚ್ಚು ಹೊತ್ತು ತಾಳಲು ಬಿಡುವುದಿಲ್ಲ. ಸಣ್ಣ ಕರುಳಿನ ಒಳಮೈಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಮಖಮಲ್ಲಿನ ಬಟ್ಟೆಯಂತೆ ಕಾಣುತ್ತದೆ. ಆ ಬಟ್ಟೆಯ ಒಂದೊಂದು ಎಳೆಯೂ ಒಂದು ಮಿಲಿಮೀಟರಿನಷ್ಟೇ ಎತ್ತರದ ಬೆರಳು. ಬೆರಳಿನ ನಡುವೆ ರಕ್ತವನ್ನು ಮೇಲೊಯ್ಯುವ ನಾಳ, ಅದಕ್ಕೆ ಅಂಟಿದಂತೆ ರಕ್ತವನ್ನು ಕೆಳಗಿಳಿಸುವ ನಾಳಗಳು. ಎರಡೂ ಇಷ್ಟು ಹತ್ತಿರವಿರುವುದರಿಂದ ಏರುತ್ತಿರುವ ರಕ್ತದ ಆಮ್ಲಜನಕದಲ್ಲಿ ಒಂದಿಷ್ಟು ತುದಿ ಮುಟ್ಟುವ ಮೊದಲೇ ಇಳಿಯುತ್ತಿರುವ ರಕ್ತಕ್ಕೆ ಅಡ್ಡದಾಟಿಬಿಡುತ್ತದೆ. ಆರೋಗ್ಯವಂತರಲ್ಲೂ ಬೆರಳಿನ ತುದಿ ಆಮ್ಲಜನಕದ ಮಟ್ಟಿಗೆ ಬಡವನೇ. ಇನ್ನು ಹರಿವು ನಿಧಾನವಾದರೆ ಅಡ್ಡದಾಟಲು ಸಮಯ ಇನ್ನೂ ಹೆಚ್ಚು ಸಿಗುತ್ತದೆ, ತುದಿಗೆ ಉಳಿಯುವುದು ಇನ್ನೂ ಕಡಿಮೆ. ನಾಲೆಯಲ್ಲಿ ನೀರು ತಗ್ಗಿದಾಗ ಕೊನೆಯ ಹೊಲ ಮೊದಲು ಒಣಗುತ್ತದಲ್ಲ, ಹಾಗೆ.

ಈ ತುದಿಯ ಜೀವಕೋಶಗಳದ್ದು ಸಾಮಾನ್ಯ ಕೆಲಸವಲ್ಲ. ಒಂದೇ ಸಾಲಿನ ಈ ಕೋಶಗಳ ಆಚೆಗೆ ಲಕ್ಷಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳಿವೆ, ಈಚೆಗೆ ರಕ್ತವಿದೆ. ನಾಲ್ಕೈದು ದಿನಕ್ಕೊಮ್ಮೆ ಹಳೆಯ ಕೋಶಗಳು ಉದುರಿ ಹೊಸವು ಬರುತ್ತಲೇ ಇರಬೇಕು. ರಕ್ತ ಸಾಲದಿದ್ದರೆ ಉದುರುವುದು ಹೆಚ್ಚುತ್ತದೆ, ಹುಟ್ಟುವುದು ಕುಗ್ಗುತ್ತದೆ, ಬೇಲಿಯಲ್ಲಿ ಕಂಡಿ ಬೀಳುತ್ತದೆ.

ಮಾನಿಟರಿಗೆ ಕಾಣದ ಬರ

ಐಸಿಯು ಮಾನಿಟರಿನಲ್ಲಿ ಕಾಣುವ ರಕ್ತದೊತ್ತಡ ದೊಡ್ಡ ಅಪಧಮನಿಯದು. ಸರಾಸರಿ ಒತ್ತಡ 65 ಮಿಲಿಮೀಟರ್ ಪಾದರಸ ಮುಟ್ಟಿದರೆ ಮೊದಲ ಗುರಿ ಸಾಧಿಸಿದಂತೆ. ಆದರೆ ಸೆಪ್ಸಿಸ್‌ನ ನಿಜವಾದ ತೊಡಕು ಲೋಮನಾಳಗಳಲ್ಲಿದೆ. ಅಕ್ಕಪಕ್ಕದ ಎರಡು ಲೋಮನಾಳಗಳಲ್ಲಿ ಒಂದು ಭರದಿಂದ ಹರಿಯುತ್ತಿರುತ್ತದೆ, ಇನ್ನೊಂದು ನಿಂತೇಹೋಗಿರುತ್ತದೆ. ಭರದಿಂದ ಹರಿಯುವ ಕಡೆ ರಕ್ತ ಆಮ್ಲಜನಕ ಇಳಿಸಲು ನಿಲ್ಲುವುದೇ ಇಲ್ಲ. ನಿಂತ ಕಡೆ ಇಳಿಸಲು ಏನೂ ಬರುವುದಿಲ್ಲ. ಒಟ್ಟು ಲೆಕ್ಕ ಹಾಕಿದರೆ ಹರಿವು ಸರಿಯಾಗಿದೆ ಎಂದೇ ತೋರುತ್ತದೆ.

ಇದಕ್ಕೆ ಒಂದು ಕಣ್ಣಾರೆ ಕಂಡ ಸಾಕ್ಷ್ಯವಿದೆ. ಹೊಟ್ಟೆಯ ಸೋಂಕಿನಿಂದ ಸೆಪ್ಸಿಸ್ ಆದ ಕೆಲವರಿಗೆ ಶಸ್ತ್ರಚಿಕಿತ್ಸೆ ಮಾಡಿ ಕರುಳಿನ ತುದಿಯನ್ನು ಹೊಟ್ಟೆಯ ಚರ್ಮಕ್ಕೆ ಹೊಲಿದು ಹೊರಗಿಟ್ಟಿರುತ್ತಾರೆ. ಹಾಗೆ ಹೊರಬಂದ ಕರುಳಿನ ಒಳಪದರದ ಮೇಲೂ ಅದೇ ರೋಗಿಗಳ ನಾಲಗೆಯ ಕೆಳಗೂ ಕೈಯಲ್ಲಿ ಹಿಡಿಯುವಂಥ ಸೂಕ್ಷ್ಮದರ್ಶಕವಿಟ್ಟು ನೋಡಿದ ಸಂಶೋಧಕರು 2007ರಲ್ಲಿ ಒಂದು ವರದಿ ಪ್ರಕಟಿಸಿದರು. ಮೊದಲ ದಿನ ನಾಲಗೆಯಡಿಯ ಹರಿವಿಗೂ ಕರುಳಿನ ಹರಿವಿಗೂ ತಾಳೆಯೇ ಇರಲಿಲ್ಲ. ಮೂರನೆಯ ದಿನದ ಹೊತ್ತಿಗೆ ಎರಡೂ ಹೊಂದಿಕೊಂಡವು. ಅಂದರೆ ಚಿಕಿತ್ಸೆಯ ನಿರ್ಧಾರಗಳು ಅತಿ ಮುಖ್ಯವಾಗುವ ಮೊದಲ ದಿನವೇ, ಬಾಯಿಯನ್ನು ನೋಡಿ ಕರುಳಿನ ಸ್ಥಿತಿ ಹೇಳಲಾಗದು. ಬಾಯಿಯಿಂದಲೇ ಹೇಳಲಾಗದ್ದನ್ನು ತೋಳಿಗೆ ಸುತ್ತಿದ ಪಟ್ಟಿಯಿಂದ ಹೇಳಬಹುದು ಎಂದು ನಂಬುವುದು ತುಸು ಅತಿಯಾದ ಭರವಸೆ.

ಕರುಳಿನ ಗೋಡೆಯೊಳಗೂ ಎಲ್ಲ ಪದರಗಳಿಗೆ ಒಂದೇ ನ್ಯಾಯವಿಲ್ಲ. ಒಳಪದರಕ್ಕೆ ರಕ್ತ ಉಳಿದು, ಆಹಾರವನ್ನು ಮುಂದೆ ನೂಕುವ ಸ್ನಾಯುಪದರಕ್ಕೆ ಮಾತ್ರ ಕಡಿಮೆಯಾದದ್ದು ಹಂದಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಸೆಪ್ಸಿಸ್ ರೋಗಿಗಳ ಕರುಳು ದಿನಗಟ್ಟಲೆ ಮುಷ್ಕರ ಹೂಡಿದಂತೆ ಅಲುಗಾಡದೆ ಕೂರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಸಲೈನ್ ಮಾಡುವ ಒಳಿತು, ಮಾಡುವ ಕೇಡು

ಒಳಿತು ಸರಳ. ದ್ರವ ಹೋದಾಗ ಹೃದಯಕ್ಕೆ ಮರಳುವ ರಕ್ತ ಹೆಚ್ಚುತ್ತದೆ, ಪ್ರತಿ ಬಡಿತಕ್ಕೆ ಹೊರಬರುವ ರಕ್ತವೂ ಹೆಚ್ಚುತ್ತದೆ. ಆಪತ್ತು ತಗ್ಗಿತೆಂದು ದೇಹ ಹೊಟ್ಟೆಯ ನಾಳಗಳ ಮೇಲಿನ ಹಿಡಿತ ಸಡಿಲಿಸಿದರೆ ಕರುಳಿಗೆ ಹರಿವು ಮರಳುತ್ತದೆ. ನಿಜಕ್ಕೂ ನೀರು ಕಳೆದುಕೊಂಡ ರೋಗಿಯಲ್ಲಿ ಮೊದಲ ಒಂದೆರಡು ಲೀಟರ್ ಮಾಡುವ ಉಪಕಾರವನ್ನು ಬೇರಾವ ಔಷಧವೂ ಮಾಡಲಾರದು.

ಕೇಡು ಹಲವು ದಾರಿಯಲ್ಲಿ ಬರುತ್ತದೆ. ಒಂದು, ತೆಳುವಾಗುವಿಕೆ. ಅಂಗಾಂಶಕ್ಕೆ ತಲುಪುವ ಆಮ್ಲಜನಕ ಹರಿವಿನ ಮೇಲಷ್ಟೇ ಅಲ್ಲ, ರಕ್ತದಲ್ಲಿರುವ ಹಿಮೋಗ್ಲೋಬಿನ್ ಮೇಲೂ ನಿಂತಿದೆ. ಸಲೈನಿನಲ್ಲಿ ಹಿಮೋಗ್ಲೋಬಿನ್ ಇಲ್ಲ. ಹರಿವು ಶೇ 10ರಷ್ಟು ಏರಿ ರಕ್ತ ಶೇ 10ರಷ್ಟು ತೆಳುವಾದರೆ ಕರುಳಿನ ಬೆರಳಿಗೆ ಹೆಚ್ಚುವರಿಯಾಗಿ ದಕ್ಕಿದ್ದು ಹೆಚ್ಚುಕಡಿಮೆ ಸೊನ್ನೆ.

ಇನ್ನೊಂದು, ಸೋರಿಕೆ. 60 ಕಿಲೋ ತೂಕದವರಿಗೆ ಸೂತ್ರದ ಪ್ರಕಾರ ಹೋಗುವುದು 1,800 ಮಿಲಿಲೀಟರ್. ಅದರಲ್ಲಿ ಗಂಟೆಯೊಂದು ಕಳೆದ ಮೇಲೆ ನಾಳಗಳೊಳಗೆ ಉಳಿಯುವುದು ಸಣ್ಣ ಪಾಲು. ಉಳಿದದ್ದು ಅಂಗಾಂಶಗಳಲ್ಲಿ ನಿಲ್ಲುತ್ತದೆ. ಕರುಳಿನ ಗೋಡೆ ಊದುತ್ತದೆ. ಲೋಮನಾಳಕ್ಕೂ ಜೀವಕೋಶಕ್ಕೂ ನಡುವಿನ ದೂರ ಹೆಚ್ಚಿ, ಆಮ್ಲಜನಕ ಆ ನೀರಿನ ಪದರವನ್ನು ದಾಟಿ ಹೋಗಬೇಕಾಗುತ್ತದೆ. ಊದಿದ ಗೋಡೆ ತನ್ನೊಳಗಿನ ನಾಳಗಳನ್ನು ತಾನೇ ಅಮುಕುತ್ತದೆ.

ಮೂರನೆಯದು ಎರಡೂ ಕಡೆಯಿಂದ ಬರುವ ಇಕ್ಕಟ್ಟು, ಬಹಳ ಸಲ ಗಮನ ತಪ್ಪಿಸಿಕೊಳ್ಳುವಂಥದ್ದು. ಕರುಳಿನ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ಅಭಿಧಮನಿಯ ಮೂಲಕ ಯಕೃತ್ತನ್ನು ಹಾದು ಹೋಗಬೇಕು. ದ್ರವ ಮಿತಿಮೀರಿ ಹೃದಯದ ಬಲಭಾಗದಲ್ಲಿ ಒತ್ತಡ ಏರಿದರೆ ಯಕೃತ್ತಿನಲ್ಲಿ ರಕ್ತ ನಿಲ್ಲುತ್ತದೆ, ಅದರ ಹಿಂದೆ ಕರುಳಿನಲ್ಲೂ ನಿಲ್ಲುತ್ತದೆ. ಮುಂದಿನ ಬಾಗಿಲು ಮುಚ್ಚಿದ ಮನೆಗೆ ಹಿಂದಿನಿಂದ ಜನರನ್ನು ತುಂಬಿದಂತೆ. ಊದಿದ ಕರುಳು, ಹೊಟ್ಟೆಯಲ್ಲಿ ಸೇರಿದ ನೀರು ಎರಡೂ ಕೂಡಿ ಹೊಟ್ಟೆಯೊಳಗಿನ ಒತ್ತಡವನ್ನೇ ಏರಿಸುತ್ತವೆ. ಇದು 12 ಮಿಲಿಮೀಟರ್ ಪಾದರಸ ಮುಟ್ಟಿತೆಂದರೆ ಅಸಹಜ. 20 ದಾಟಿ ಹೊಸದಾಗಿ ಅಂಗಗಳು ಕೈಕೊಟ್ಟರೆ ಹೊಟ್ಟೆ ಬಿಚ್ಚಿಡಬೇಕಾಗುವಷ್ಟು ತುರ್ತು. ಮಾನಿಟರಿನಲ್ಲಿ ಸರಾಸರಿ ರಕ್ತದೊತ್ತಡ 65 ಇದ್ದು ಹೊಟ್ಟೆಯ ಒತ್ತಡ 15 ಇದ್ದರೆ ಕರುಳಿಗೆ ರಕ್ತ ನೂಕಲು ಉಳಿಯುವುದು 50 ಮಾತ್ರ. ಮಾನಿಟರ್ ಮಾತ್ರ 65 ಎಂದೇ ತೋರಿಸುತ್ತಿರುತ್ತದೆ.

ಯಾವ ದ್ರವ ಎಂಬ ಪ್ರಶ್ನೆಯನ್ನು ಬೇಗ ಮುಗಿಸಬಹುದು. ನಾಳದೊಳಗೆ ಹೆಚ್ಚು ಹೊತ್ತು ನಿಲ್ಲುತ್ತದೆಂಬ ಆಸೆಯಿಂದ ಬಳಸುತ್ತಿದ್ದ ಪಿಷ್ಟದ ದ್ರಾವಣಗಳಿಗೆ 2012ರ ಪ್ರಯೋಗವೊಂದು ಹೊಡೆತ ಕೊಟ್ಟಿತು. 90 ದಿನಗಳಲ್ಲಿ ಸತ್ತವರು ಪಿಷ್ಟ ಪಡೆದ ಗುಂಪಿನಲ್ಲಿ ಶೇ 51, ರಿಂಗರ್ ಅಸಿಟೇಟ್ ಎಂಬ ಲವಣದ್ರಾವಣ ಪಡೆದವರಲ್ಲಿ ಶೇ 43. ಸಲೈನ್ ಮೇಲೋ, ರಕ್ತದ ಲವಣಾಂಶಕ್ಕೆ ಹತ್ತಿರವಾದ ರಿಂಗರ್ ಬಗೆಯ ದ್ರಾವಣಗಳು ಮೇಲೋ ಎಂಬಲ್ಲಿ ಪ್ರಯೋಗಗಳ ಫಲ ಬೇರೆಬೇರೆ. ವ್ಯತ್ಯಾಸವಿದ್ದರೂ ಸಣ್ಣದು.

ಔಷಧದಿಂದ ಒತ್ತಡ ಏರಿಸಿದರೆ?

ದ್ರವ ಕಡಿಮೆ ಮಾಡಿ ಎನ್ನುವವರ ಪರ್ಯಾಯ ನಾಳ ಬಿಗಿಗೊಳಿಸುವ ಔಷಧ, ಮುಖ್ಯವಾಗಿ ನಾರ್‌ಅಡ್ರಿನಲಿನ್. ಅದನ್ನು ಬೇಗ ಶುರುಮಾಡಿದರೆ ಲೀಟರುಗಟ್ಟಲೆ ದ್ರವ ಕೊಡುವುದು ತಪ್ಪುತ್ತದೆ ಎಂಬ ವಾದದಲ್ಲಿ ಹುರುಳಿದೆ. ಸಡಿಲವಾದ ನಾಳವನ್ನು ಬಿಗಿಮಾಡುವುದು ಮೂಲ ದೋಷಕ್ಕೇ ಮದ್ದು; ನೂಕುವ ಒತ್ತಡ ತೀರ ಕುಸಿದಿದ್ದಾಗ ಕರುಳಿಗೂ ಅದರಿಂದ ಲಾಭ. ಆದರೆ ಪ್ರಮಾಣ ಏರಿದಂತೆ, ಅದರಲ್ಲೂ ಒಳಗೆ ರಕ್ತದ ಕೊರತೆ ಉಳಿದಿರುವಾಗಲೇ ಏರಿಸಿದರೆ, ಈ ಔಷಧಗಳು ಹೊಟ್ಟೆಯ ನಾಳಗಳನ್ನೂ ಹಿಂಡುತ್ತವೆ. ಎರಡನೆಯ ಔಷಧವಾಗಿ ಸೇರಿಸುವ ವ್ಯಾಸೋಪ್ರೆಸಿನ್‌ಗಂತೂ ಹೊಟ್ಟೆಯ ನಾಳಗಳ ಮೇಲೆ ವಿಶೇಷ ಒಲವು. ಸಲೈನಿನಿಂದ ಊದುವ ಕರುಳನ್ನು ತಪ್ಪಿಸಲು ಹೋಗಿ ಔಷಧದಿಂದ ಸೊರಗುವ ಕರುಳಿಗೆ ದಾರಿಮಾಡುವ ಅಪಾಯ ಇದ್ದೇ ಇದೆ.

ಈ ಅಂಚು ಎಷ್ಟು ಕಿರಿದು ಎಂಬುದಕ್ಕೆ 2018ರ ಫ್ರಾನ್ಸಿನ ಪ್ರಯೋಗವೊಂದು ಗುರುತಾಗುತ್ತದೆ. ವೆಂಟಿಲೇಟರ್ ಮೇಲಿದ್ದು ಇಂಥ ಔಷಧ ಪಡೆಯುತ್ತಿದ್ದ 2,410 ರೋಗಿಗಳಲ್ಲಿ ಅರ್ಧ ಮಂದಿಗೆ ಮೊದಲಿನಿಂದಲೇ ನಳಿಕೆಯ ಮೂಲಕ ಹೊಟ್ಟೆಗೆ ಪೂರ್ಣ ಆಹಾರ, ಉಳಿದವರಿಗೆ ರಕ್ತನಾಳದ ಮೂಲಕ ಪೋಷಣೆ. ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ರಕ್ತ ಸಾಲದೆ ಕರುಳು ಕೆಟ್ಟದ್ದು ಹೊಟ್ಟೆಗೆ ಆಹಾರ ಪಡೆದವರಲ್ಲಿ 19 ಮಂದಿಗೆ, ಇನ್ನೊಂದು ಗುಂಪಿನಲ್ಲಿ 5 ಮಂದಿಗೆ. ಜೀರ್ಣಿಸಲು ಕರುಳಿಗೆ ಹೆಚ್ಚು ಆಮ್ಲಜನಕ ಬೇಕು. ಅದು ಸಿಗದಿರುವಾಗ ಕೆಲಸ ಹೇರಿದರೆ ಕೆಲವರಲ್ಲಿ ಕರುಳು ಸೋಲುತ್ತದೆ.

ಪ್ರಯೋಗಗಳು ಜಗಳವಾಡುತ್ತಿವೆಯೇ?

ಅಷ್ಟಾಗಿ ಇಲ್ಲ. ಅವು ಬೇರೆಬೇರೆ ಪ್ರಶ್ನೆ ಕೇಳಿವೆ. 2001ರ ಪ್ರಯೋಗದಲ್ಲಿ ಮೊದಲ ಆರು ಗಂಟೆಗಳಲ್ಲಿ ಒಂದು ಗುಂಪಿಗೆ ಸರಾಸರಿ ಐದು ಲೀಟರ್, ಇನ್ನೊಂದಕ್ಕೆ ಮೂರೂವರೆ ಲೀಟರ್ ದ್ರವ ಹೋಗಿತ್ತು. 72 ಗಂಟೆಗಳ ಕೊನೆಗೆ ಎರಡೂ ಗುಂಪಿನ ಮೊತ್ತ ಬಹುತೇಕ ಸಮ. ಅಂದರೆ ಎರಡು ಗುಂಪುಗಳ ನಡುವೆ ಬದಲಾದದ್ದು ಪ್ರಮಾಣಕ್ಕಿಂತ ಹೊತ್ತು. ದಶಕಕ್ಕೂ ಹೆಚ್ಚು ಕಾಲ ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ‘ಹೆಚ್ಚು ಕೊಡಿ’ ಎಂಬ ಪಾಠ. 2014 ಮತ್ತು 2015ರಲ್ಲಿ ಪ್ರಕಟವಾದಂತೆ, ಅಮೆರಿಕ, ಆಸ್ಟ್ರೇಲಿಯಾ, ಬ್ರಿಟನ್ನುಗಳಲ್ಲಿ ಅದೇ ಕ್ರಮವನ್ನು ಮತ್ತೆ ಪರೀಕ್ಷಿಸಿದಾಗ ಲಾಭ ಕಾಣಲಿಲ್ಲ. ಆ ಹೊತ್ತಿಗೆ ಎಂದಿನ ಚಿಕಿತ್ಸೆಯೇ ಚುರುಕಾಗಿತ್ತು.

ಆಫ್ರಿಕಾದ ಮಕ್ಕಳ ಪ್ರಯೋಗವನ್ನು ಎಲ್ಲೆಡೆಗೂ ಅನ್ವಯಿಸುವ ಮುನ್ನ ಎರಡು ಸಂಗತಿ ನೆನಪಿಡಬೇಕು. ವಾಂತಿಭೇದಿಯಿಂದ ನೀರು ಕಳೆದುಕೊಂಡ ಮಕ್ಕಳು ಅದರಲ್ಲಿರಲಿಲ್ಲ. ಅಂಥವರಿಗೆ ದ್ರವವೇ ಜೀವ. ಇನ್ನು, ಅಲ್ಲಿ ವೆಂಟಿಲೇಟರ್ ಸೌಕರ್ಯವಿರುವ ಐಸಿಯುಗಳ ಬೆಂಬಲವಿರಲಿಲ್ಲ. 2017ರಲ್ಲಿ ಪ್ರಕಟವಾದ, ಜಾಂಬಿಯಾದ ವಯಸ್ಕರ ಮೇಲಿನ ಪ್ರಯೋಗದಲ್ಲೂ ನಿಗದಿತ ಕ್ರಮದಲ್ಲಿ ಹೆಚ್ಚು ದ್ರವ ಪಡೆದವರ ಸಾವು ಶೇ 48.1, ಉಳಿದವರದು ಶೇ 33. ಕೇಡನ್ನು ಸರಿಪಡಿಸುವ ಯಂತ್ರಗಳಿಲ್ಲದ ಕಡೆ ದ್ರವದ ಕೇಡು ಬೆತ್ತಲಾಗಿ ಕಾಣುತ್ತದೆ ಎಂಬುದು ಒಪ್ಪಬಹುದಾದ ವಿವರಣೆ.

ವ್ಯತ್ಯಾಸವಿಲ್ಲ ಎಂದ 2022 ಮತ್ತು 2023ರ ಪ್ರಯೋಗಗಳಲ್ಲೂ ಒಂದು ಅಡಿಟಿಪ್ಪಣಿ ಇದೆ. ಎರಡರಲ್ಲೂ ರೋಗಿಗಳು ಪ್ರಯೋಗಕ್ಕೆ ಸೇರುವ ಮೊದಲೇ ದ್ರವ ಪಡೆದಿದ್ದರು. 2023ರದ್ದರಲ್ಲಿ ಹೆಚ್ಚುಕಡಿಮೆ ಎರಡು ಲೀಟರ್. ಅವು ಪರೀಕ್ಷಿಸಿದ್ದು ಆಮೇಲಿನ ಲೀಟರುಗಳನ್ನು. ‘ಸಲೈನ್ ಬೇಡವೇ ಬೇಡ’ ಎಂದು ಅವುಗಳಿಂದ ತೀರ್ಮಾನಿಸುವುದು ಊಟ ಮುಗಿಸಿದವರನ್ನು ಕೇಳಿ ಹಸಿವಿಲ್ಲ ಎಂದು ಬರೆದುಕೊಂಡಂತೆ.

ಕರುಳು ಬಲಿಪಶುವೋ, ಚಾಲಕನೋ?

ಇಲ್ಲಿಯೂ ಎರಡು ಪಕ್ಷ. ಸೆಪ್ಸಿಸ್‌ನಲ್ಲಿ ಅಂಗಗಳು ಒಂದರ ಹಿಂದೊಂದು ಸೋಲುವುದಕ್ಕೆ ಕರುಳೇ ಎಂಜಿನ್ ಎಂಬ ವಾದ 1980ರ ದಶಕದಿಂದಲೂ ಇದೆ. ಬೇಲಿ ಮುರಿದಾಗ ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಗ್ಗುತ್ತವೆ ಎಂದು ಮೊದಲು ತಿಳಿದರು. ಮನುಷ್ಯರಲ್ಲಿ ಅದಕ್ಕೆ ಪುರಾವೆ ಅಷ್ಟಕ್ಕಷ್ಟೇ. ಆಮೇಲೆ ಬಂದ ವಾದ ಹೆಚ್ಚು ಸೂಕ್ಷ್ಮ: ಬ್ಯಾಕ್ಟೀರಿಯಾ ದಾಟದಿದ್ದರೂ ಗಾಯಗೊಂಡ ಕರುಳಿನಿಂದ ಹೊರಟ ಉರಿಯೂತದ ವಸ್ತುಗಳು ದುಗ್ಧರಸದ ನಾಳಗಳ ಮೂಲಕ ಮೊದಲು ಶ್ವಾಸಕೋಶಕ್ಕೆ ತಲುಪಿ ಅದನ್ನು ಕೆಡಿಸುತ್ತವೆ. ಪ್ರಾಣಿಗಳಲ್ಲಿ ಆ ನಾಳ ಕಟ್ಟಿದಾಗ ಶ್ವಾಸಕೋಶದ ಹಾನಿ ತಗ್ಗಿದ್ದು ಕಂಡಿದೆ. ಎದುರುಪಕ್ಷದವರ ಪ್ರಕಾರ ಕರುಳು ಉಳಿದ ಅಂಗಗಳಂತೆ ಪೆಟ್ಟು ತಿಂದದ್ದಷ್ಟೇ. ಚಾಲಕನಾಗಿರಲಿ, ಬಲಿಪಶುವಾಗಿರಲಿ, ರಕ್ತ ಸಾಲದ ಕರುಳನ್ನು ಹಾಗೇ ಬಿಡುವುದಕ್ಕೆ ಯಾರೂ ಒಪ್ಪುವುದಿಲ್ಲ. ಹೀಗಾಗಿ ಹಾಸಿಗೆಯ ಪಕ್ಕದಲ್ಲಿ ಈ ಚರ್ಚೆಗೆ ಪುಸ್ತಕದಲ್ಲಿರುವಷ್ಟು ತೂಕವಿಲ್ಲ.

ಮುಂದೆ ಏನಾಗಬಹುದು

ಕಿಲೋಗಿಷ್ಟು ಎಂಬ ಒಂದೇ ಅಳತೆ ನಿಧಾನವಾಗಿ ಹಿಂದೆ ಸರಿದು, ಹೊತ್ತಿಗೆ ತಕ್ಕ ಅಳತೆ ಮುಂದೆ ಬರುತ್ತಿದೆ. ಮೊದಲ ಗಂಟೆಗಳಲ್ಲಿ ಬೇಗ ಕೊಡುವುದು. ಆಮೇಲೆ ಕೊಟ್ಟರೆ ಹೃದಯದ ಹರಿವು ನಿಜವಾಗಿ ಏರುತ್ತದೆಯೇ ಎಂದು, ಮಲಗಿದ ರೋಗಿಯ ಕಾಲೆತ್ತಿ ಕಾಲಿನ ರಕ್ತವನ್ನು ಹೃದಯದತ್ತ ಹರಿಸಿ ನೋಡಿ ಕೊಡುವುದು. ಸ್ಥಿತಿ ನೆಲೆಗೊಂಡ ಮೇಲೆ ನಿಲ್ಲಿಸುವುದು. ಕೊನೆಗೆ ಮೂತ್ರ ಹೆಚ್ಚಿಸುವ ಔಷಧದಿಂದಲೋ ಡಯಾಲಿಸಿಸ್‌ನಿಂದಲೋ ಹೊರತೆಗೆಯುವುದು. ಮೊನ್ನೆ ನೀರು ತುಂಬಿಸಿದ ವೈದ್ಯರೇ ಇಂದು ನೀರು ತೆಗೆಯುತ್ತಿದ್ದಾರಲ್ಲ ಎಂದು ಮನೆಯವರಿಗೆ ಕಂಗೆಡುವಂತಾದರೆ, ಅದು ತಪ್ಪು ತಿದ್ದಿಕೊಂಡದ್ದೇ ಆಗಿರಬೇಕಿಲ್ಲ. ಹೊತ್ತು ಬದಲಾಗಿದೆ ಎಂದೂ ಆಗಬಹುದು.

ಯಾವಾಗ ನಿಲ್ಲಿಸಬೇಕು ಎಂಬುದಕ್ಕೆ ಬಹುಕಾಲ ಲ್ಯಾಕ್ಟೇಟ್, ಅಂದರೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ವಸ್ತು, ದಾರಿದೀಪವಾಗಿತ್ತು. ಆದರೆ ಯಕೃತ್ತು ಸೋತಾಗಲೂ ದೇಹದಲ್ಲಿ ಅಡ್ರಿನಲಿನ್ ಏರಿದಾಗಲೂ ಅದು ಏರಿಯೇ ಇರುತ್ತದೆ. ಅದನ್ನು ಇಳಿಸಲೆಂದು ದ್ರವ ಸುರಿಯುತ್ತಾ ಹೋದರೆ ಕರುಳು ಊದುತ್ತಾ ಹೋಗುತ್ತದೆ. 2019ರ ಪ್ರಯೋಗವೊಂದು ಇದರ ಬದಲು ಬೆರಳ ತುದಿಯನ್ನು ನೋಡಿತು. ಗಾಜಿನ ಪಟ್ಟಿಯಿಂದ ಬೆರಳನ್ನು ಬಿಳಿಚುವವರೆಗೆ ಒತ್ತಿ, ಹತ್ತು ಸೆಕೆಂಡು ಹಿಡಿದು ಬಿಟ್ಟು, ಬಣ್ಣ ಮರಳಲು ಎಷ್ಟು ಹೊತ್ತಾಯಿತೆಂದು ಎಣಿಸುವುದು. ಮೂರು ಸೆಕೆಂಡು ಮೀರಿದರೆ ಹರಿವು ಸಾಲದು. 424 ರೋಗಿಗಳಲ್ಲಿ ಬೆರಳು ನೋಡಿದ ಗುಂಪಿನ ಸಾವು ಶೇ 34.9, ಲ್ಯಾಕ್ಟೇಟ್ ನೋಡಿದ ಗುಂಪಿನದು ಶೇ 43.4. ಸಂಖ್ಯಾಶಾಸ್ತ್ರದ ಗೆರೆಯನ್ನು ಈ ಅಂತರ ಕೂದಲೆಳೆಯಲ್ಲಿ ದಾಟಲಿಲ್ಲ. ಆದರೆ ಬೆರಳು ನೋಡಿದವರು ಕೊಟ್ಟ ದ್ರವ ಕಡಿಮೆ, ಅದರಿಂದ ಕೇಡೂ ಕಾಣಲಿಲ್ಲ. ಖರ್ಚಿಲ್ಲದ ಈ ಪರೀಕ್ಷೆ ಈಗ ಮಾರ್ಗಸೂಚಿಯಲ್ಲೂ ಸಲಹೆಯಾಗಿ ಸೇರಿದೆ.

ಕರುಳಿನ ಒಳಗನ್ನೇ ನೋಡುವ ಯತ್ನ ಹೊಸದಲ್ಲ. 1990ರ ದಶಕದಲ್ಲಿ ಜಠರಕ್ಕೆ ಬಲೂನು ಇಳಿಸಿ, ಅಲ್ಲಿನ ಇಂಗಾಲದ ಡೈ ಆಕ್ಸೈಡ್ ಅಳೆದು ಒಳಪದರದ ಆಮ್ಲೀಯತೆಯನ್ನು ಲೆಕ್ಕಹಾಕುತ್ತಿದ್ದರು. ಆಸೆ ದೊಡ್ಡದಿತ್ತು, ಅಳತೆ ನಂಬುವಂತಿರಲಿಲ್ಲ; ಆ ಉಪಕರಣ ಮೂಲೆ ಸೇರಿತು. ಅದರ ಜಾಗ ಖಾಲಿಯೇ ಉಳಿದಿದೆ. ಹಾಗಾಗಿ ರಕ್ತದೊತ್ತಡ ಕುಸಿದ ಆಘಾತದ ಸ್ಥಿತಿ ತಗ್ಗಿದ ಮೇಲೆ ಐಸಿಯುಗಳಲ್ಲಿ ಇಂದಿಗೂ ನಡೆಯುವುದು ಹಳೆಯ ಕ್ರಮವೇ: ನಳಿಕೆಯಲ್ಲಿ ಗಂಟೆಗೆ ಹತ್ತಿಪ್ಪತ್ತು ಮಿಲಿಲೀಟರಿನಂತೆ ಆಹಾರ ಬಿಡುತ್ತಾರೆ, ಹೊಟ್ಟೆ ಉಬ್ಬಿತೇ ಎಂದು ಕೈಯಿಟ್ಟು ನೋಡುತ್ತಾರೆ, ಮತ್ತೆ ಆರು ಗಂಟೆ ಕಾಯುತ್ತಾರೆ.